ಹತ್ತಿ ಇಳಿದ ಘಟ್ಟ, ಉಪ್ಪು ಏರಿದ ಘಟ್ಟ

ಹತ್ತೊಂಬತ್ತನೆಯ ಶತಮಾನದ ಮುಂಬಯಿ ಮತ್ತು ಲಿವರ್‌ಪೂಲ್ ಪೇಟೆಗಳ ಹತ್ತಿ ದರಪಟ್ಟಿಯಲ್ಲಿ ‘ಕಂಪ್ಟಾ’ ಎಂಬ ಹೆಸರು ಬರುತ್ತದೆ. ಅದು ನಮ್ಮ ಉತ್ತರ ಕನ್ನಡದ ಕುಮಟಾ. ಆದರೆ ಕುಮಟಾದಲ್ಲಿ ಹತ್ತಿ ಬೆಳೆಯುವುದಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆ ನೆಲದಲ್ಲಿ ಹತ್ತಿಗಿಡ ಕಾಯಿ ಕಟ್ಟುವ ಮೊದಲೇ ಕೊಳೆತೀತು. ಆ ಹತ್ತಿ ಬೆಳೆಯುತ್ತಿದ್ದದ್ದು ಘಟ್ಟದ ಮೇಲೆ, ನವಲಗುಂದ, ಅಣ್ಣಿಗೇರಿ, ಕುಂದಗೋಳ, ಗದಗ ಸೀಮೆಯ ಎರಿ ಹೊಲಗಳಲ್ಲಿ. ಕುಮಟಾ ಅದು ಹಡಗು ಹತ್ತುತ್ತಿದ್ದ ಬಂದರು, ಅಷ್ಟೆ. ನಮ್ಮ ಭಾಗದ ನಾಡಹತ್ತಿಗೆ ಬೆಳೆದವರ ಊರಿನ ಹೆಸರು ಬರಲಿಲ್ಲ. ಅದನ್ನು ಸಾಗಿಸಿದ ಬಂದರಿನ ಹೆಸರು ಬಂತು. ಕೃಷಿ ವಿಜ್ಞಾನಿಗಳು ಇಪ್ಪತ್ತನೆಯ ಶತಮಾನದಲ್ಲೂ ಅದನ್ನು ಕುಮಟಾ ಹತ್ತಿ ಎಂದೇ ಕರೆದರು.

ನಾನು ಸಂಶೋಧನೆಗೆ ಆರಿಸಿಕೊಂಡಿರುವುದು ಈ ಸೀಮೆಯ ಹತ್ತಿ ವ್ಯಾಪಾರ. ಅಧಿಕಾರಿಗಳ ವರದಿ, ಗ್ಯಾಸೆಟಿಯರ್, ಬಂದರಿನ ಲೆಕ್ಕ ಇವುಗಳನ್ನು ಓದುತ್ತ ಹೋದಂತೆ ಒಂದು ಸಂಗತಿ ಕಾಡತೊಡಗಿತು. ಇಳಿದು ಹೋದ ಹತ್ತಿಯ ಬಗ್ಗೆ ಪುಟಗಟ್ಟಲೆ ಇದೆ: ತೂಕ, ಕಸರು, ಎಳೆಯ ಉದ್ದ, ಬೆಲೆ. ಅದೇ ಚಕ್ಕಡಿಗಳು ಮರಳಿ ಬರುವಾಗ ಏನು ತಂದವು ಎಂಬುದಕ್ಕೆ ಒಂದೆರಡು ಸಾಲು. ಚಕ್ಕಡಿ ಹೊಡೆದವರು ದಾರಿಯಲ್ಲಿ ಏನು ಉಂಡರು ಎಂಬುದಕ್ಕೆ ಅದೂ ಇಲ್ಲ. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ಬೇಕಿತ್ತು, ಹಾಗಾಗಿ ಹತ್ತಿ ದಾಖಲಾಯಿತು. ಉಪ್ಪು, ತೆಂಗು, ಒಣಮೀನು ಯಾರಿಗೆ ಬೇಕಿದ್ದವೋ ಅವರು ಬರೆಯುವವರಾಗಿರಲಿಲ್ಲ. ಹೀಗಾಗಿ ಹೋದ ಮೇ ತಿಂಗಳ ಕೊನೆಯ ವಾರ, ಮಳೆ ಹಿಡಿಯುವ ಮೊದಲು, ಬೈಕಿನ ಮೇಲೆ ಒಬ್ಬನೇ ನವಲಗುಂದದಿಂದ ಹೊರಟು ಅಂಕೋಲಾಕ್ಕೆ ಇಳಿದು, ಅಲ್ಲಿಂದ ದಂಡೆ ಹಿಡಿದು ಹೊನ್ನಾವರದವರೆಗೆ ಹೋದೆ. ಕಾಗದದಲ್ಲಿ ಸಿಗದ್ದು ಸಂತೆಯಲ್ಲಿ, ತಾಟಿನಲ್ಲಿ ಸಿಗಬಹುದೇ ಎಂದು ನೋಡುವುದು ಉದ್ದೇಶ.

ಮೇ ತಿಂಗಳನ್ನೇ ಆರಿಸಿದ್ದಕ್ಕೆ ಕಾರಣವಿದೆ. ನಾಡಹತ್ತಿ ಬಿಡಿಸುವುದು ಬೇಸಿಗೆ ಕಾಲಿಡುವ ಹೊತ್ತಿಗೆ. ಬಿಡಿಸಿ, ಬೀಜ ತೆಗೆದು, ಅಂಡಿಗೆ ತುಂಬಿ ಚಕ್ಕಡಿಗೆ ಏರಿಸುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿರುತ್ತದೆ. ಮೇ ಮುಗಿಯಿತೆಂದರೆ ಕುಮಟಾ ಬಂದರು ಮುಚ್ಚುತ್ತಿತ್ತು. ಅಲ್ಲಿ ಹಡಗು ದಂಡೆಗೆ ಬರುವಂತಿರಲಿಲ್ಲ. ದೂರದಲ್ಲಿ ನಿಂತ ಹಡಗಿಗೆ ದೋಣಿಗಳಲ್ಲಿ ಸರಕು ಒಯ್ಯಬೇಕಿತ್ತು. ಮುಂಗಾರಿನ ಕಡಲಲ್ಲಿ ಅದು ಆಗದ ಮಾತು. ಇತ್ತ ಮೇಲೆ ಎರಿ ಮಣ್ಣು ಒಮ್ಮೆ ತೊಯ್ದರೆ ಗಾಲಿ ಅಚ್ಚಿನವರೆಗೆ ಹೂತುಹೋಗುತ್ತದೆ. ಕುಂದಗೋಳ, ನವಲಗುಂದದ ರೈತರಿಗೆ ಬೆಣ್ಣಿಹಳ್ಳದ ಸಿಟ್ಟು ಹೇಳಿಕೊಡಬೇಕಿಲ್ಲ. ಅಂದರೆ ಮಳೆ ದಾರಿಯ ಎರಡೂ ಬಾಗಿಲನ್ನು ಒಟ್ಟಿಗೇ ಹಾಕುತ್ತಿತ್ತು. ಎರಡು-ಮೂರು ತಿಂಗಳ ಆ ಅವಧಿಯಲ್ಲಿ ಹತ್ತಿ ಇಳಿಯಬೇಕು, ಇಲ್ಲವಾದರೆ ಬಯಲಲ್ಲಿ ತೊಯ್ದು ಬಣ್ಣಗೆಡಬೇಕು. ಧಾರವಾಡದ ಪೇಟೆಯ ಲೆಕ್ಕದ ಹಿಂದೆ ಅರಬ್ಬಿ ಕಡಲಿನ ಗಾಳಿ ಕೆಲಸ ಮಾಡುತ್ತಿತ್ತು.

ನವಲಗುಂದದಿಂದ ಹುಬ್ಬಳ್ಳಿಯ ಕಡೆ ಬರುವಾಗ ಕುಸುಗಲ್ ಸಿಗುತ್ತದೆ. ಈಗ ಹೆದ್ದಾರಿ ಬದಿಯ ಊರು. 1840ರ ದಶಕದಲ್ಲಿ ಮರ್ಸರ್ ಎಂಬ ಅಮೆರಿಕನ್ ಪ್ಲಾಂಟರ್ ಇಲ್ಲಿ ಪ್ರಯೋಗದ ಹೊಲ ಮಾಡಿ ನ್ಯೂ ಆರ್ಲಿಯನ್ಸ್ ತಳಿಯ ಹತ್ತಿ ಬೆಳೆಸಿದ. ಅದರ ಬೀಜ ತೆಗೆಯಲು ಗರಗಸದಂಥ ಹಲ್ಲಿನ ಜಿನ್ನುಗಳು ಬಂದವು. ಆ ಅಮೆರಿಕನ್ ತಳಿಗೆ ಪೇಟೆಯಲ್ಲಿ ‘ಧಾರವಾಡ’ ಎಂಬ ಹೆಸರು ಬಿತ್ತು. ನಾಡಹತ್ತಿ ಮಾತ್ರ ಕುಮಟಾ ಆಗಿಯೇ ಉಳಿಯಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಿತು. ಇಂಗ್ಲೆಂಡಿನ ಗಿರಣಿಗಳು ಧಾರವಾಡದ ಕಡೆ ನೋಡಿದವು. ಬೆಲೆ ಏರಿದ್ದೇ ಏರಿದ್ದು. ಕಸ ಬೆರೆಸುವುದು ಎಷ್ಟು ಹೆಚ್ಚಿತೆಂದರೆ 1863ರಲ್ಲಿ ಮುಂಬಯಿ ಸರಕಾರ ಹತ್ತಿ ಕಲಬೆರಕೆ ತಡೆಯಲು ಕಾಯ್ದೆಯನ್ನೇ ಮಾಡಬೇಕಾಯಿತು. ಅದಕ್ಕಿಂತ ದೊಡ್ಡ ಬದಲಾವಣೆ 1862ರದು. ಮದ್ರಾಸ್ ಪ್ರಾಂತದಲ್ಲಿದ್ದ ಉತ್ತರ ಕನ್ನಡವನ್ನು ಕತ್ತರಿಸಿ ಮುಂಬಯಿಗೆ ಸೇರಿಸಿದರು. ಹತ್ತಿ ಬೆಳೆಯುವ ನೆಲ, ಇಳಿಯುವ ಘಟ್ಟ, ಹತ್ತುವ ಬಂದರು ಮೂರೂ ಒಂದೇ ಆಡಳಿತದಲ್ಲಿರಲಿ ಎಂಬ ಹತ್ತಿ ವ್ಯಾಪಾರಿಗಳ ಒತ್ತಾಯ ಅದರ ಹಿಂದಿತ್ತು. ಇಂದು ನಾವು ಭೂಪಟದಲ್ಲಿ ನೋಡುವ ಜಿಲ್ಲೆಗಳ ಚರಿತ್ರೆಯಲ್ಲಿ ಹತ್ತಿಯ ಎಳೆಯೂ ಒಂದು.

ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ಸುಮಾರು 130 ಕಿಲೋಮೀಟರ್. ನನ್ನ ಚೀಲದಲ್ಲಿ ಅವ್ವ ಕಟ್ಟಿಕೊಟ್ಟ ಬುತ್ತಿ ಇತ್ತು: ಕಟಕ ರೊಟ್ಟಿ, ಅಗಸಿ ಚಟ್ನಿಪುಡಿ, ಶೇಂಗಾ ಹಿಂಡಿ. ಕಟಕ ರೊಟ್ಟಿಯನ್ನು ಎಲ್ಲರೂ ಸಂಕ್ರಾಂತಿ, ಎಳ್ಳಮಾಸಿಯ ಸಡಗರದೊಂದಿಗೆ ನೆನೆಯುತ್ತಾರೆ. ಆದರೆ ಅದು ಮೂಲತಃ ದಾರಿಯ ಊಟ. ನೀರಿನ ಪಸೆ ಪೂರ್ತಿ ಹೋಗುವ ಹಾಗೆ ಸುಟ್ಟದ್ದರಿಂದ ವಾರಗಟ್ಟಲೆ ಬೂಸ್ಲು ಹಿಡಿಯುವುದಿಲ್ಲ. ಚಟ್ನಿಪುಡಿಗೆ ನೀರು ಬೇಡ, ಒಲೆ ಬೇಡ. ಚಕ್ಕಡಿಯವರ ಬುತ್ತಿಯನ್ನು ಯಾರೂ ವರ್ಣಿಸಿಲ್ಲ. ಆದರೆ ಜೋಳ ಬೆಳೆಯುವ ಸೀಮೆಯಿಂದ ಎತ್ತು ಹೂಡಿಕೊಂಡು ದಿನಗಟ್ಟಲೆ ಘಟ್ಟ ಇಳಿಯುವವನು ಬೇರೆ ಏನನ್ನು ಕಟ್ಟಿಕೊಂಡಾನು? ಇದು ನನ್ನ ಊಹೆ; ದಾಖಲೆಯ ಮಾತಲ್ಲ.

ಕಲಘಟಗಿ ಬರುವ ಹೊತ್ತಿಗೆ ಹೊಲದ ಬಣ್ಣವೇ ಬೇರೆ. ನವಲಗುಂದ, ಅಣ್ಣಿಗೇರಿಯಲ್ಲಿ ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು. ಅದೇ ಜಿಲ್ಲೆಯ ಕಲಘಟಗಿಯಲ್ಲಿ ಮಲೆನಾಡಿನ ಸೆರಗು ಶುರುವಾಗುತ್ತದೆ, ಭತ್ತದ ಗದ್ದೆ ಕಾಣುತ್ತವೆ. ರೊಟ್ಟಿ ಮತ್ತು ಅನ್ನದ ಗಡಿ ಧಾರವಾಡ ಜಿಲ್ಲೆಯೊಳಗೇ ಹಾದುಹೋಗುತ್ತದೆ. ಯಲ್ಲಾಪುರದ ಖಾನಾವಳಿಯಲ್ಲಿ ಬಡಿಸಿದ್ದು ಅನ್ನ, ತಂಬಳಿ, ಅಪ್ಪೆಮಿಡಿ ಉಪ್ಪಿನಕಾಯಿ. ನನ್ನ ರೊಟ್ಟಿ ನೋಡಿದ ಪಕ್ಕದ ಮೇಜಿನ ಲಾರಿ ಡ್ರೈವರಣ್ಣ, “ಒಂದ್ ರೊಟ್ಟಿ ಕೊಡೋ ತಮ್ಮಾ, ಮೂರ ದಿನ ಆತು ಬರೇ ಅನ್ನ” ಎಂದ. ಅವನು ಗದಗಿನ ಕಡೆಯವನು.

ಆ ಡ್ರೈವರಣ್ಣನ ಮಾತಿಗೆ ಆರುನೂರು-ಏಳುನೂರು ವರ್ಷ ಹಿಂದಿನ ಜೊತೆಗಾರನೊಬ್ಬನಿದ್ದಾನೆ. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ ಅಲ್ಲಿಯ ಸುಲ್ತಾನ ಜಮಾಲುದ್ದೀನನ ಪಂಕ್ತಿಯ ಊಟವನ್ನು ಬಿಡಿಸಿ ಬಿಡಿಸಿ ಬರೆದಿದ್ದಾನೆ: ಅನ್ನದ ಮೇಲೆ ತುಪ್ಪ, ಉಪ್ಪಿನಲ್ಲಿಟ್ಟ ಮೆಣಸು, ಹಸಿಶುಂಠಿ, ನಿಂಬೆ, ಮಾವು, ಆಮೇಲೆ ಕೋಳಿ, ಮೀನು, ಕಾಯಿಪಲ್ಲೆ, ಕೊನೆಗೆ ಮೊಸರು. ಅದೇ ಊರಿನಲ್ಲಿ ಹೆಣ್ಣುಮಕ್ಕಳ 13 ಶಾಲೆ, ಗಂಡುಮಕ್ಕಳ 23 ಶಾಲೆ ಇದ್ದವೆಂದೂ ಹೇಳುತ್ತಾನೆ. ಇಷ್ಟೆಲ್ಲ ಮೆಚ್ಚಿದವನು ತನ್ನ ಸಂಕಟವನ್ನೂ ಮುಚ್ಚಿಡುವುದಿಲ್ಲ. ಆ ಸುಲ್ತಾನನ ಬಳಿ ಹನ್ನೊಂದು ತಿಂಗಳಿದ್ದರೂ ರೊಟ್ಟಿಯ ಮುಖ ಕಾಣಲಿಲ್ಲ; ಮುಂದೆ ಮಲಬಾರ, ಮಾಲ್ದೀವ್‌ಗಳಲ್ಲೂ ಬರೀ ಅನ್ನ, ಅದನ್ನು ನೀರು ಕುಡಿದು ನುಂಗಬೇಕಾಯಿತು ಎನ್ನುತ್ತಾನೆ. ಕರಾವಳಿಯ ತಾಟಿನ ಬಗ್ಗೆ ನಮಗೆ ಸಿಗುವ ಹಳೆಯ ಒಳ್ಳೆಯ ವಿವರಣೆಯಲ್ಲಿ ರೊಟ್ಟಿ ತಿನ್ನುವವನೊಬ್ಬನ ಹಸಿವೂ ಸೇರಿದೆ.

ಬತೂತ ಇನ್ನೊಂದು ಕಾರಣಕ್ಕೂ ಮುಖ್ಯ. ಹನ್ನೊಂದು ತಿಂಗಳು ನಿಂತವನು ಮಳೆಗಾಲವನ್ನು ಕಂಡೇ ಕಂಡಿರಬೇಕು. ಉಳಿದ ಪ್ರವಾಸಿಗಳು ಹಾಗಲ್ಲ. ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಗೋವೆಯಿಂದ ಹೊನ್ನಾವರಕ್ಕೆ ಹಡಗಿನಲ್ಲಿ ಬಂದದ್ದು 1623ರ ಅಕ್ಟೋಬರಿನಲ್ಲಿ, ಕಡಲು ತಣ್ಣಗಾದ ಮೇಲೆ. ಫ್ರಾನ್ಸಿಸ್ ಬುಕಾನನ್ ಭಟ್ಕಳ, ಹೊನ್ನಾವರ, ಅಂಕೋಲಾ ಹಾದುಹೋದದ್ದು 1801ರ ಫೆಬ್ರವರಿ-ಮಾರ್ಚ್ ಹೊತ್ತಿಗೆ. ಪ್ರವಾಸಿ ಬರುವುದು ಬಿಸಿಲಿನಲ್ಲಿ, ಬರೆಯುವುದೂ ಬಿಸಿಲಿನ ಕರಾವಳಿಯನ್ನು. ವರ್ಷದ ಮೂರರಲ್ಲೊಂದು ಭಾಗ ಬಾಗಿಲು ಹಾಕಿಕೊಂಡು ಕೂತ ಕರಾವಳಿ ಪ್ರವಾಸ ಕಥನಗಳಲ್ಲಿ ತೀರ ಕಡಿಮೆ. ಅದರ ಚರಿತ್ರೆ ಇರುವುದು ಅಟ್ಟದ ಮೇಲೆ, ಭರಣಿಯೊಳಗೆ.

ಅರಬೈಲು ಘಟ್ಟ ಇಳಿದು ಅಂಕೋಲಾ ಪೇಟೆಗೆ ಬಂದಾಗ ಅದು ಕಣ್ಣಿಗೆ ಕಂಡಿತು. ಹಾಲಕ್ಕಿ ಹೆಂಗಸರು ಬುಟ್ಟಿಯಲ್ಲಿ ಕರಿ ಇಶಾಡು ಮಾವಿನಹಣ್ಣು ಇಟ್ಟುಕೊಂಡಿದ್ದರು. 2023ರಲ್ಲಿ ಭೌಗೋಳಿಕ ಗುರುತು ಪಡೆದ, ತೆಳುಸಿಪ್ಪೆಯ, ಹೆಚ್ಚು ದಿನ ತಡೆಯದ ಹಣ್ಣು ಅದು. ಆದರೆ ಜನ ಮುಗಿಬಿದ್ದದ್ದು ಅದಕ್ಕಲ್ಲ, ಒಣಮೀನಿಗೆ. ಬಂಗಡೆ, ತಾರ್ಲೆ, ಸೀಗಡಿ ರಾಶಿ ರಾಶಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಕಾನೂನು ಬರುವ ಮೊದಲೂ ಆ ದಿನಗಳಲ್ಲಿ ಇಳಿಯುವವರು ಕಡಿಮೆ. ನೂಲಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸುವವರೆಗೆ ಮನೆಯಲ್ಲಿದ್ದದ್ದೇ ಊಟ. ನಾನು ಬೆಲೆ ಕೇಳಿದಾಗ ಮಾರುವ ಹಿರಿಯಳು, “ಯಾವೂರು ತಮಾ?” ಎಂದಳು. ಹುಬ್ಬಳ್ಳಿ ಬದಿಯವನು ಅಂದೆ. “ಹಂಗಾರೆ ಈ ರಾಶೀದು ತಕ, ಉಪ್ಪು ಜಾಸ್ತಿ ಹಾಕಿದ್ದು. ಮೇಲಿನವ್ರಿಗೆ ಇದೇ ಕೊಡೂದು” ಎಂದು ಬೇರೊಂದು ಗುಂಪು ತೋರಿಸಿದಳು.

ಘಟ್ಟದ ಮೇಲಿನವರಿಗೆ ಬೇರೆ ಉಪ್ಪಿನ ಹದ! ಈ ಒಂದು ಮಾತು ನನಗೆ ಕಡತದಲ್ಲಿ ಸಿಕ್ಕಿರಲಿಲ್ಲ. ದೂರ ಹೋಗಬೇಕಾದದ್ದಕ್ಕೆ ಉಪ್ಪು ಹೆಚ್ಚು ಬೇಕು ಎಂಬುದು ಸರಳ ಲೆಕ್ಕ. ಆದರೆ ಆ ಲೆಕ್ಕ ರೂಢಿಯಾಗಿ ಉಳಿದಿದೆ ಎಂದರೆ ಮೇಲಿನ ಗಿರಾಕಿ ಇಂದು ನಿನ್ನೆಯವನಲ್ಲ ಎಂದೇ ಅರ್ಥ ಮಾಡಿಕೊಂಡೆ. ನಮ್ಮ ಭಾಗದ ಸಂತೆಗಳಲ್ಲಿ ಒಣಮೀನು ಒಂದು ಮೂಲೆಯಲ್ಲಿ ಕೂರುತ್ತದೆ. ಕೊಳ್ಳುವವರು ಯಾರು, ಮೂಗು ಮುಚ್ಚಿಕೊಂಡು ದಾಟುವವರು ಯಾರು ಎಂಬುದನ್ನು ಜಾತಿ ನಿರ್ಧರಿಸುತ್ತದೆ. ‘ಉತ್ತರ ಕರ್ನಾಟಕದ ಊಟ’ ಎಂದು ಫಲಕ ಹಾಕಿದ ಯಾವ ಖಾನಾವಳಿಯಲ್ಲೂ ಅದು ಇರುವುದಿಲ್ಲ. ಆದರೂ ಅದು ಈ ಊಟದ ಭಾಗ. ಹತ್ತಿ ಇಳಿದ ದಾರಿಯಲ್ಲೇ ಏರಿ ಬಂದದ್ದು.

ಮೀನಿನ ಜೊತೆ ಏರಿದ್ದು ಉಪ್ಪು. ಗೋಕರ್ಣದ ಹತ್ತಿರದ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆ. ಕಡಲನೀರನ್ನು ಮಡಿಗಳಿಗೆ ಹಾಯಿಸಿ, ಬಿಸಿಲಿಗೆ ಇಂಗಿಸಿ, ಹರಳುಗಟ್ಟಿದ್ದನ್ನು ಎಳೆಯುತ್ತಾರೆ. ಮೊದಲ ದೊಡ್ಡ ಮಳೆ ಬಿದ್ದ ದಿನ ಆ ವರ್ಷದ ಕೆಲಸ ಮುಗಿಯುತ್ತದೆ. ನಾನು ಹೋದಾಗ ರಾಶಿಗಳನ್ನು ಆತುರದಿಂದ ಸಾಗಿಸುತ್ತಿದ್ದರು. ಮೀನು ಒಣಗುವುದು, ಉಪ್ಪು ಹರಳುಗಟ್ಟುವುದು, ಹತ್ತಿಯ ಚಕ್ಕಡಿ ಬಂದರಿಗೆ ಬರುವುದು ಮೂರೂ ಒಂದೇ ಬಿಸಿಲಿನ ಕೆಲಸ. ಹತ್ತಿ ಇಳಿಸಿದ ಚಕ್ಕಡಿ ಬರಿದಾಗಿ ಘಟ್ಟ ಏರುವ ಬದಲು ಉಪ್ಪು, ತೆಂಗು, ಒಣಮೀನು ಹೇರಿಕೊಂಡು ಏರಿತು. ಯಲ್ಲಾಪುರದ ಮೇಲೆ ಅರಬೈಲು, ಶಿರಸಿಯ ಮೇಲೆ ದೇವಿಮನೆ ಈ ಘಟ್ಟಗಳು ಎರಡೂ ದಿಕ್ಕಿನ ಊಟವನ್ನು ಹೊತ್ತವು.

ಚಕ್ಕಡಿ ರಸ್ತೆಗೂ ಮೊದಲು ಈ ಕೆಲಸ ಮಾಡುತ್ತಿದ್ದವರು ಹೇರೆತ್ತುಗಳ ಲಂಬಾಣಿಗರು. ಅವರ ಹೆಸರನ್ನೇ ‘ಲವಣ’ದೊಂದಿಗೆ ಜೋಡಿಸುವ ವಿದ್ವಾಂಸರಿದ್ದಾರೆ. ರಸ್ತೆ, ರೈಲು ಬಂದಂತೆ ಅವರ ಕಸುಬು ಹೋಯಿತು. 1871ರ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಅಲೆದಾಡುವವರನ್ನೇ ಅಪರಾಧಿಗಳಂತೆ ನೋಡಲು ಕಲಿಸಿತು. ಶತಮಾನಗಳ ಕಾಲ ನಾಡಿಗೆ ಉಪ್ಪು ತಲುಪಿಸಿದ ಜನರ ಮೇಲೆ ಅನುಮಾನದ ಕಣ್ಣು ಬಿತ್ತು. ಆ ಉಪ್ಪಿನ ಮೇಲೂ ಸರಕಾರದ ತೆರಿಗೆ ಕೂತಿತ್ತು. 1930ರಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹಕ್ಕೆ ಅಂಕೋಲಾ ಆಯ್ಕೆಯಾಗಿ, ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಕಾನೂನು ಮುರಿದಾಗ ಅದು ಕರಾವಳಿಯ ಸಂಗತಿ ಮಾತ್ರ ಆಗಿರಲಿಲ್ಲ. ಘಟ್ಟದ ಮೇಲೆ ರೊಟ್ಟಿಯ ಹಿಟ್ಟು ನಾದುವ ಮನೆಯವರೆಗೂ ಅದು ಮುಟ್ಟುತ್ತಿತ್ತು.

ಅಘನಾಶಿನಿ ನದಿ ಕಡಲು ಸೇರುವ ಕಡೆ, ಕುಮಟಾ ತಾಲ್ಲೂಕಿನ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪುನೀರಿಗೂ ನೆರೆಗೂ ಜಗ್ಗದ ತಳಿ ಅದು. ಆಳೆತ್ತರ ಬೆಳೆದ ಪೈರಿನಲ್ಲಿ ತೆನೆಯನ್ನಷ್ಟೇ ಕೊಯ್ದು, ಉಳಿದ ಹುಲ್ಲನ್ನು ನೀರಿನಲ್ಲೇ ಬಿಡುತ್ತಾರೆ. ಅದು ಕೊಳೆತು ಮೀನಿಗೆ, ಸೀಗಡಿಗೆ, ಹಕ್ಕಿಗಳಿಗೆ ಆಹಾರ. ರೈತರೊಬ್ಬರ ಮನೆಯಲ್ಲಿ ಕಗ್ಗದ ಗಂಜಿ, ಸುಟ್ಟ ಒಣಬಂಗಡೆಯ ಚಟ್ನಿ, ಉಪ್ಪುನೀರಿನಲ್ಲಿಟ್ಟ ಹಲಸಿನ ಸೊಳೆಯ ಪಲ್ಯ ಕೊಟ್ಟರು. “ಇದು ಮಳೆಗಾಲದ ಊಟ, ನಿಮಗೆ ಈಗ್ಲೇ ಬಡಿಸ್ದೆ” ಎಂದು ಮನೆಯಾಕೆ ನಕ್ಕರು. ಗಂಜಿ ದಪ್ಪಕ್ಕಿಯದು, ಕೆಂಪು. ಹೊಟ್ಟೆ ತುಂಬಿಸುವ ಗುಣದಲ್ಲಿ ಜೋಳದ ನುಚ್ಚಿನ ಅಣ್ಣ ಎನ್ನಬಹುದು. ಆ ತಾಟಿನಲ್ಲಿದ್ದ ಪ್ರತಿಯೊಂದೂ ಕಡಲು ಮುನಿದ ದಿನಕ್ಕಾಗಿ ಮಾಡಿಟ್ಟದ್ದು. ಎಣ್ಣೆಯಲ್ಲಿ ಹುರಿದ ಇಸವಣದ ತುಂಡು ಪ್ರವಾಸಿಗರಿಗೆ ಕರಾವಳಿಯ ಗುರುತಾಗಿದೆ. ಅಲ್ಲಿ ಬಾಳಿದವರನ್ನು ಕಾದದ್ದು ಈ ತಾಟು.

ಹತ್ತಿಯ ಕಥೆ ಬೇಗ ಮುಗಿಯಿತು. 1865ರಲ್ಲಿ ಅಮೆರಿಕದ ಯುದ್ಧ ನಿಂತು ಬೆಲೆ ಕುಸಿಯಿತು. ಕಾರವಾರವನ್ನು ದೊಡ್ಡ ಬಂದರು ಮಾಡಬೇಕು, ಅಲ್ಲಿಗೆ ಒಳನಾಡಿನಿಂದ ರೈಲು ಬರಬೇಕು ಎಂಬ ಮಾತು ವರ್ಷಗಟ್ಟಲೆ ನಡೆಯಿತು. 1876-78ರ ಬರದ ನಂತರ, 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಆ ದಶಕ ಮುಗಿಯುವ ಮೊದಲೇ ಹುಬ್ಬಳ್ಳಿ, ಧಾರವಾಡಕ್ಕೆ ರೈಲು ಬಂತು. ಆದರೆ ಅದು ಕಡಲಿಗೆ ಇಳಿದದ್ದು ಕ್ಯಾಸಲ್‌ರಾಕ್ ಮೇಲೆ ಹಾದು, ಪೋರ್ಚುಗೀಸರ ಮರ್ಮಗೋವಾಕ್ಕೆ. ಹತ್ತಿ ಹಳಿ ಹಿಡಿಯಿತು. ಕುಮಟಾ, ಕಾರವಾರದ ವ್ಯಾಪಾರ ಬತ್ತಿತು. ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗ 1990ರ ದಶಕದ ಕೊನೆಯಲ್ಲಿ ಮಂಜೂರಾಯಿತು. ನಡುವಿನ ಕಾಡಿನ ಪ್ರಶ್ನೆಯಿಂದಾಗಿ ಇಂದಿಗೂ ಆಗಿಲ್ಲ. ಹೀಗಾಗಿ ಅರಬೈಲು ಘಟ್ಟ ಈಗಲೂ ಲಾರಿಗಳದ್ದೇ. ಹತ್ತಿ ನಿಂತರೂ ಉಪ್ಪು, ತೆಂಗು, ಒಣಮೀನು ಏರುವುದು ನಿಲ್ಲಲಿಲ್ಲ ಎಂಬುದನ್ನು ಮಾತ್ರ ಯಾವ ವರದಿಯೂ ಎದ್ದು ಹೇಳುವುದಿಲ್ಲ.

ಆ ಹಳೆಯ ಕ್ಯಾಲೆಂಡರ್ ಈಗ ಅಲುಗಾಡುತ್ತಿದೆ. 2019ರ ಅಕ್ಟೋಬರಿನಲ್ಲಿ ಕ್ಯಾರ್, 2021ರ ಮೇ ತಿಂಗಳಲ್ಲಿ ತೌಕ್ತೆ. ಎರಡೂ ಬಂದದ್ದು ಮುಂಗಾರಿನ ಆಚೀಚೆ, ಹಿಂದೆ ಹಡಗು ತುಂಬುತ್ತಿದ್ದ ತಿಂಗಳುಗಳಲ್ಲಿ. ಅರಬ್ಬಿ ಸಮುದ್ರದಲ್ಲಿ ಚಂಡಮಾರುತಗಳು ಹೆಚ್ಚುತ್ತಿವೆ ಎಂದು ಹವಾಮಾನ ವಿಜ್ಞಾನಿಗಳು ಹೇಳುತ್ತಿದ್ದಾರೆ. ಮೇ ತಿಂಗಳ ಬಿಸಿಲು ಹೋದರೆ ಮೀನು ಎಲ್ಲಿ ಒಣಗಬೇಕು, ಉಪ್ಪು ಎಲ್ಲಿ ಹರಳುಗಟ್ಟಬೇಕು? ಅಂಕೋಲಾದಿಂದ ಕುಮಟಾಕ್ಕೆ ಹೋಗುವಾಗ ಶಿರೂರು ಬರುತ್ತದೆ. 2024ರ ಜುಲೈ 16ರಂದು ಅಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ, ಬದಿಯ ಚಹಾ-ಊಟದ ಅಂಗಡಿಯನ್ನೂ, ನಿಂತಿದ್ದ ಲಾರಿಯನ್ನೂ ಗಂಗಾವಳಿಗೆ ತಳ್ಳಿತು. ಸತ್ತವರಲ್ಲಿ ಅಂಗಡಿಯ ಕುಟುಂಬವಿತ್ತು, ಲಾರಿ ಚಾಲಕರಿದ್ದರು. ಹಳೆಯ ಚಕ್ಕಡಿಯವರ ಹಾಗೆ ಸರಕು ಸಾಗಿಸುವವರು, ಅವರಿಗೆ ಅನ್ನ ಹಾಕುವವರು. ಅಲ್ಲಿ ಬೈಕ್ ನಿಲ್ಲಿಸಿದಾಗ ಬುತ್ತಿ ಬಿಚ್ಚಲು ಮನಸ್ಸಾಗಲಿಲ್ಲ.

ಹೊನ್ನಾವರದಲ್ಲಿ ಶರಾವತಿ ದಾಟಿದರೆ ಕಾಸರಕೋಡಿನ ಮರಳದಂಡೆ. ಹೆಂಗಸರು ಮೀನು ಹರವಿ, ಮಗುಚಿ, ಸಂಜೆಗೆ ಗುಡ್ಡೆ ಮಾಡುವ ಜಾಗ ಅದು. ಅಲ್ಲಿಯ ಖಾಸಗಿ ಬಂದರು ಯೋಜನೆಯನ್ನು ಮೀನುಗಾರರು ವರ್ಷಗಳಿಂದ ವಿರೋಧಿಸುತ್ತ ಬಂದಿದ್ದಾರೆ. ಅಂಕೋಲಾದ ಕೇಣಿಯಲ್ಲೂ ಹೊಸ ಬಂದರಿನ ಯೋಜನೆ ಬಂದು, ಅಲ್ಲೂ ಅದೇ ಪ್ರತಿಭಟನೆ. ಬಂದರು ಬೇಕೇ ಬೇಡವೇ ಎಂದು ತೀರ್ಪು ಕೊಡುವುದು ಇತಿಹಾಸದ ವಿದ್ಯಾರ್ಥಿಯ ಕೆಲಸವಲ್ಲ. ಆದರೆ ಒಂದು ಮಾತು ಹೇಳಬಹುದು. 1862ರಲ್ಲಿ ಈ ದಂಡೆಯನ್ನು ಹತ್ತಿಯ ಕಣ್ಣಿನಿಂದ ನೋಡಿದವರು ಅಂಡಿಗೆಗಳನ್ನು ಎಣಿಸಿದರು, ಮರಳಿನ ಮೇಲೆ ಒಣಗುತ್ತಿದ್ದುದನ್ನು ಎಣಿಸಲಿಲ್ಲ. ಬಂದರುಗಳು ಮೂವತ್ತು ವರ್ಷದೊಳಗೆ ಬಡವಾದವು, ಮರಳು ಅದರ ಪಾಡಿಗೆ ಅನ್ನ ಕೊಡುತ್ತ ಬಂತು. ಈಗ ಮತ್ತೆ ಯೋಜನೆಯ ಲೆಕ್ಕ ಹಾಕುವವರು ಆ ಮರಳನ್ನು ಖಾಲಿ ಜಾಗ ಎಂದು ಬರೆದುಕೊಂಡರೆ, ನೂರೈವತ್ತು ವರ್ಷಗಳ ನಂತರದ ಸಂಶೋಧಕನಿಗೂ ನನಗೆ ಸಿಕ್ಕ ಕಡತವೇ ಸಿಗುತ್ತದೆ.

ಅಣ್ಣಿಗೇರಿ ಎಂದರೆ ನಮಗೆ ಪಂಪ ನೆನಪಾಗುತ್ತಾನೆ, ನವಲಗುಂದ ಎಂದರೆ ಜಮಖಾನೆ. ಈ ಊರುಗಳಿಂದ ಕಡಲಿಗೆ ಚಕ್ಕಡಿ ಹೊಡೆದವರ ಹೆಸರು ಒಂದೂ ಉಳಿದಿಲ್ಲ. ಆದರೆ ಅಜ್ಜಿಯಂದಿರು ಇನ್ನೂ ಇದ್ದಾರೆ. ಇತ್ತ ಎರಿ ಸೀಮೆಯಲ್ಲಿ ಘಟ್ಟದ ಕೆಳಗಿನ ಉಪ್ಪು, ಕೊಬ್ಬರಿ, ಒಣಮೀನು ಮನೆಗೆ ಹೇಗೆ ಬರುತ್ತಿತ್ತೆಂದು ಹೇಳಬಲ್ಲವರು. ಅತ್ತ ಮೇಲಿನವರಿಗೆ ಎಷ್ಟು ಉಪ್ಪು ಹಾಕಬೇಕೆಂದು ಬಲ್ಲವರು. ಈ ಬರಹ ಓದುವ ವಿದ್ಯಾರ್ಥಿಗಳು ರಜೆಗೆ ಊರಿಗೆ ಹೋದಾಗ ಅವರ ಪಕ್ಕ ಕೂತು, ಮಳೆಗಾಲಕ್ಕೆ ಏನೇನು ಕೂಡಿಡುತ್ತಿದ್ದರು, ಅದು ಯಾವ ದಾರಿಯಿಂದ ಬರುತ್ತಿತ್ತು, ಯಾರು ತರುತ್ತಿದ್ದರು ಎಂದು ಕೇಳಿ ಬರೆದಿಡಲಿ. ಹೇಳಿದವರ ಊರಿನ ಹೆಸರು, ಕೇಳಿದ ದಿನಾಂಕ ಎರಡನ್ನೂ ತಪ್ಪದೆ ನಮೂದಿಸಲಿ.